ರ‍್ಯಾಂಕಿನ ಕಾಲೇಜೋ, ಶಿರಸಿಯ ಆನರ್ಸ್ ಪದವಿಯೋ?

ದ್ವಿತೀಯ ಪಿಯುಸಿ ಹಾಗೂ ಸಿಇಟಿ ಫಲಿತಾಂಶ ಹೊರಬಿದ್ದೊಡನೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಪ್ರತಿವರ್ಷ ಅದೇ ಚರ್ಚೆ ತಲೆಯೆತ್ತುತ್ತದೆ. ಹುಬ್ಬಳ್ಳಿ, ಸುರತ್ಕಲ್ ಅಥವಾ ಬೆಂಗಳೂರಿನ ಹೆಸರಾಂತ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವುದೋ, ಶಿರಸಿಯಲ್ಲೇ ಇರುವ ಅರಣ್ಯ ಮಹಾವಿದ್ಯಾಲಯದಲ್ಲಿ ಬಿಎಸ್ಸಿ (ಆನರ್ಸ್) ಅರಣ್ಯಶಾಸ್ತ್ರ ಓದುವುದೋ? ಬಹುತೇಕ ಸಂದರ್ಭಗಳಲ್ಲಿ ‘ಯಾವುದರ ರ‍್ಯಾಂಕ್ ಮೇಲಿದೆ’ ಎಂಬ ಒಂದೇ ಪ್ರಶ್ನೆ ಇದನ್ನು ತೀರ್ಮಾನಿಸಿಬಿಡುತ್ತದೆ. ಆದರೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಶಕ್ತಿ ಆ ರ‍್ಯಾಂಕಿಗೆ ಇಲ್ಲ.

ಎರಡು ಬಗೆಯ ಆನರ್ಸ್

ಮೊದಲು ಹೆಸರಿನ ಗೊಂದಲ ನಿವಾರಣೆಯಾಗಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ ರಾಜ್ಯದ ಸಾಮಾನ್ಯ ಪದವಿ ಕಾಲೇಜುಗಳಲ್ಲಿ 2021-22ರಿಂದ ನಾಲ್ಕು ವರ್ಷಗಳ ಆನರ್ಸ್ ಪದವಿ ಜಾರಿಗೆ ಬಂದಿತ್ತು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು, 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ಕೃಷಿ ವಿಶ್ವವಿದ್ಯಾಲಯಗಳ ಆನರ್ಸ್ ಇದಕ್ಕಿಂತ ಭಿನ್ನ. ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪಠ್ಯಕ್ರಮಕ್ಕೆ ಒಳಪಟ್ಟ ನಾಲ್ಕು ವರ್ಷಗಳ ವೃತ್ತಿಪರ ಪದವಿಯಾಗಿದ್ದು, ಸರ್ಕಾರದ ಆ ತೀರ್ಮಾನ ಇದಕ್ಕೆ ಅನ್ವಯಿಸುವುದಿಲ್ಲ. ಶಿರಸಿಯ ಮಹಾವಿದ್ಯಾಲಯವು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇಂಥದೇ ಮತ್ತೊಂದು ಅರಣ್ಯ ಮಹಾವಿದ್ಯಾಲಯ ಕೊಡಗಿನ ಪೊನ್ನಂಪೇಟೆಯಲ್ಲಿದೆ.

ರ‍್ಯಾಂಕ್ ಅಳೆಯುವುದೇನನ್ನು?

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಪ್ರಕಟವಾಗುತ್ತಿದೆ. ಅದರ ಎಂಜಿನಿಯರಿಂಗ್ ವಿಭಾಗದಲ್ಲಿ ಬೋಧನೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ ಶೇ 30, ಪದವೀಧರರ ಸಾಧನೆಗೆ ಶೇ 20, ಒಳಗೊಳ್ಳುವಿಕೆಗೆ ಶೇ 10, ಜನಾಭಿಪ್ರಾಯಕ್ಕೆ ಶೇ 10ರಷ್ಟು ತೂಕವಿದೆ. ಇದು ಇಡೀ ಸಂಸ್ಥೆಗೆ ಸಲ್ಲುವ ಅಂಕವೇ ಹೊರತು ವಿದ್ಯಾರ್ಥಿ ಸೇರಲಿರುವ ಶಾಖೆಯದ್ದಲ್ಲ. ಶಾಖೆಯ ಗುಣಮಟ್ಟ ತಿಳಿಯಬೇಕಾದರೆ ಎನ್‌ಬಿಎ ಮಾನ್ಯತೆಯನ್ನು ಗಮನಿಸಬೇಕು; ಅದನ್ನು ಪ್ರತಿ ಶಾಖೆಗೂ ಪ್ರತ್ಯೇಕವಾಗಿ ನೀಡಲಾಗುತ್ತದೆ.

ಕೃಷಿ ಮತ್ತು ಸಂಬಂಧಿತ ಕ್ಷೇತ್ರಗಳಿಗೆ 2023ರಿಂದ ಬೇರೆಯೇ ಪಟ್ಟಿ ಇದೆ. ಹಾಗಾಗಿ ಅರಣ್ಯ ಮಹಾವಿದ್ಯಾಲಯದ ಹೆಸರು ಎಂಜಿನಿಯರಿಂಗ್ ಪಟ್ಟಿಯಲ್ಲಿ ಕಾಣಿಸದಿರುವುದು ಅದರ ಕೊರತೆಯಲ್ಲ; ಆ ಪಟ್ಟಿಯೇ ಬೇರೆ. ಹೆಸರಾಂತ ಕಾಲೇಜಿನಲ್ಲಿ ಒಲವಿಲ್ಲದ ಶಾಖೆ ಸೇರಿದವನಿಗೆ ಕಾಲೇಜಿನ ಹೆಸರು ದೊರೆಯಬಹುದು, ಓದಿನ ಆಸಕ್ತಿ ದೊರೆಯುವುದಿಲ್ಲ.

ಓದು ಮತ್ತು ಉದ್ಯೋಗ

ಎಂಟು ಸೆಮಿಸ್ಟರ್‌ಗಳ ಅರಣ್ಯಶಾಸ್ತ್ರದಲ್ಲಿ ಸಸ್ಯಪಾಲನೆ, ನೆಡುತೋಪು, ಮರವಿಜ್ಞಾನ, ವನ್ಯಜೀವಿ ನಿರ್ವಹಣೆ, ಕೃಷಿ ಅರಣ್ಯ, ಜಲಾನಯನ ಮೊದಲಾದ ವಿಷಯಗಳಿವೆ. ಕೊನೆಯ ವರ್ಷ ಕ್ಷೇತ್ರಾನುಭವಕ್ಕೆ ಪ್ರಾಶಸ್ತ್ಯ. ಅಡಿಕೆ ತೋಟ, ಅದಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ, ಪಕ್ಕದಲ್ಲೇ ಪಶ್ಚಿಮಘಟ್ಟದ ಕಾಡು ಇರುವ ಸೀಮೆಯಲ್ಲಿ ಈ ಪಾಠಗಳಿಗೆ ಪ್ರಯೋಗಶಾಲೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಆದರೆ ಉದ್ಯೋಗದ ಬಾಗಿಲು ಕಿರಿದು ಎಂಬುದನ್ನು ಮರೆಮಾಚಬಾರದು. ವಲಯ ಅರಣ್ಯಾಧಿಕಾರಿ ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗೆ ಒಂದು ಪಾಲು ಮೀಸಲಿದ್ದರೂ ಅದರ ಪ್ರಮಾಣ ಬದಲಾಗಿದೆ. ಅದಕ್ಕಾಗಿ ವಿದ್ಯಾರ್ಥಿಗಳು ಮುಷ್ಕರ ಹೂಡಿದ್ದೂ ಉಂಟು. ನೇಮಕಾತಿ ಪ್ರತಿವರ್ಷ ನಡೆಯುವುದಿಲ್ಲ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಯನ್ನು ಎಂಜಿನಿಯರಿಂಗ್ ಪದವೀಧರರೂ ಬರೆಯಬಹುದು. ಸ್ನಾತಕೋತ್ತರ ಅಧ್ಯಯನ ಹಾಗೂ ಸಂಶೋಧನೆಯತ್ತ ಒಲವುಳ್ಳವರಿಗೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಂಥ ಕೇಂದ್ರಗಳಿವೆ.

ಎಂಜಿನಿಯರಿಂಗ್‌ನ ಬಾಗಿಲು ಅಗಲವಾದುದು. ಒಳ್ಳೆಯ ಕಾಲೇಜಿನಲ್ಲಿ ಸಹಪಾಠಿಗಳ ಮಟ್ಟ, ಕ್ಯಾಂಪಸ್ ಸಂದರ್ಶನ ಎರಡೂ ನಿಜವಾದ ಲಾಭಗಳೇ. ಆದರೂ ಅದೇನೂ ಖಾತರಿಯಲ್ಲ. 2023ರಲ್ಲಿ ಮಾಹಿತಿ ತಂತ್ರಜ್ಞಾನ ಕಂಪನಿಗಳು ಕ್ಯಾಂಪಸ್ ನೇಮಕಾತಿಯನ್ನು ತಗ್ಗಿಸಿದಾಗ, ಸಾಲ ಮಾಡಿ ಖಾಸಗಿ ಕಾಲೇಜು ಸೇರಿದವರಿಗೆ ಅದರ ಬಿಸಿ ಮೊದಲು ತಟ್ಟಿತು. ಅಡಿಕೆ ಧಾರಣೆಯನ್ನು ನಂಬಿ ಕಂತು ಕಟ್ಟುವ ಕುಟುಂಬಕ್ಕೆ ಶುಲ್ಕ, ವಸತಿ, ಬಡ್ಡಿ ಮೂರನ್ನೂ ನಾಲ್ಕು ವರ್ಷಕ್ಕೆ ಕೂಡಿಸಿ ನೋಡುವುದು ಕ್ಷೇಮ.

ಆದ್ಯತಾ ಪಟ್ಟಿಯ ಎಚ್ಚರ

ಅರಣ್ಯಶಾಸ್ತ್ರಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು. ಅದನ್ನು ಬಿಟ್ಟು ಕಂಪ್ಯೂಟರ್ ವಿಜ್ಞಾನ ಆರಿಸಿಕೊಂಡವರಿಗೆ ಈ ದಾರಿ ಎರಡು ವರ್ಷ ಮೊದಲೇ ಮುಚ್ಚಿರುತ್ತದೆ. ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟು ಬೇಕಾದವರು ಅದನ್ನು ಕೋರಿ, ದಾಖಲೆ ಸಲ್ಲಿಸಿ, ಪ್ರಾಯೋಗಿಕ ಪರೀಕ್ಷೆ ಬರೆಯಬೇಕು.

ಸೀಟು ಹಂಚಿಕೆಯಲ್ಲಿ ಪಟ್ಟಿಯ ಮೇಲಿನ ಆಯ್ಕೆ ಲಭಿಸಿದರೆ ಕೆಳಗಿನವು ತಾವಾಗಿ ರದ್ದಾಗುತ್ತವೆ. ದೊರೆತ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯುವವರೂ ಮೇಲಿನ ಸೀಟು ಸಿಕ್ಕೊಡನೆ ಹಿಂದಿನದನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ‘ಇರಲಿ’ ಎಂದು ಹೆಸರಾಂತ ಕಾಲೇಜಿನ ಬೇಡದ ಶಾಖೆಯನ್ನು ಮೇಲೆ ನಮೂದಿಸುವುದು ಅಪಾಯಕಾರಿ.

ಮನೆಗೆ ಹತ್ತಿರವೆಂಬ ಕಾರಣಕ್ಕೆ ಅರಣ್ಯಶಾಸ್ತ್ರ ಸೇರುವುದೂ ಇಷ್ಟೇ ತಪ್ಪು. ಬೆಳಿಗ್ಗೆ ಎದ್ದು ಯಾವ ಪಾಠಕ್ಕೆ ಹೋಗಲು ಮನಸ್ಸಾಗುತ್ತದೆ, ಪದವಿಯ ಬಳಿಕ ಎಂಥ ಕೆಲಸ ಮಾಡಬೇಕೆಂದಿದೆ, ಕುಟುಂಬ ಎಷ್ಟು ಸಾಲ ಹೊರಬಲ್ಲದು ಎಂಬ ಮೂರು ಪ್ರಶ್ನೆಗಳಿಗೆ ವಿದ್ಯಾರ್ಥಿಯೇ ಉತ್ತರ ಬರೆದುಕೊಳ್ಳಬೇಕು. ಸಂಸ್ಥೆಯ ರ‍್ಯಾಂಕನ್ನು ಅದಾದ ನಂತರ ನೋಡಿದರೆ ಸಾಕು.