ಕಿವಿಯಲ್ಲಿ ಉಳಿದ ಕಾರ್ಟೂನುಗಳು

ಬಾಲ್ಯದಲ್ಲಿ ಟೆಲಿವಿಷನ್ನಿನಲ್ಲಿ ಕಂಡ ಕಾರ್ಟೂನುಗಳ ಮಾತು ಮನೆಯಲ್ಲಿ ಬಂದಾಗ ಒಂದು ಸಂಗತಿಯನ್ನು ನೀವು ಗಮನಿಸಿರಬಹುದು. ನೆನೆಯುವವರು ಚಿತ್ರವನ್ನು ವರ್ಣಿಸುವ ಮೊದಲೇ ಧ್ವನಿಯನ್ನು ಅನುಕರಿಸುತ್ತಾರೆ. ಮೂವತ್ತು ನಲವತ್ತರ ಪ್ರಾಯದವರೂ ಫ್ರೆಡ್ ಫ್ಲಿಂಟ್‌ಸ್ಟೋನಿನ ‘ಯಾಬಾ ಡಾಬಾ ಡೂ’ ಎಂಬ ಕೂಗನ್ನು ಸಂಕೋಚವಿಲ್ಲದೆ ಕೂಗಿಬಿಡುತ್ತಾರೆ. ಇದು ಬರಿಯ ಹುಡುಗಾಟಿಕೆಯೆಂದು ನಕ್ಕು ಸುಮ್ಮನಾಗಬೇಡಿ. ಆ ಕಾರ್ಟೂನುಗಳು ಹುಟ್ಟಿದ ಬಗೆಯಲ್ಲಿಯೇ ಇದಕ್ಕೆ ಕಾರಣವಿದೆ.

ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. 7 ನಿಮಿಷದ ಚಿತ್ರಕ್ಕೆ ಅವು 10,000ಕ್ಕೂ ಮಿಕ್ಕುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿಕೊಂಡರೂ ಸುಮಾರು 5,000 ಭಂಗಿಗಳನ್ನು ಕೈಯಿಂದಲೇ ಬರೆಯಬೇಕು. ಅಮೆರಿಕದ ಎಂ.ಜಿ.ಎಂ. ಸಂಸ್ಥೆಯಲ್ಲಿ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಬಿಬ್ಬರು 1940ರಿಂದ ‘ಟಾಮ್ ಅಂಡ್ ಜೆರ್ರಿ’ ಚಿತ್ರಗಳನ್ನು ಇಂಥ ಶ್ರಮದಿಂದಲೇ ರಚಿಸಿದರು. ಅವು ಮೊದಲು ಚಿತ್ರಮಂದಿರಗಳಿಗಾಗಿ ಮಾಡಿದವು. ಬೆಕ್ಕು ಇಲಿಗಳು ಬಾಯಿ ಬಿಟ್ಟು ಮಾತನಾಡುವುದೇ ಅಪರೂಪ, ಮೈಯೇ ಮಾತನಾಡುತ್ತದೆ. ಆ ಮಾಲೆಗೆ 7 ಆಸ್ಕರ್ ಪ್ರಶಸ್ತಿಗಳು ಸಂದವು. ಆದರೂ 1957ರಲ್ಲಿ ಸಂಸ್ಥೆ ತನ್ನ ಕಾರ್ಟೂನು ಶಾಖೆಯನ್ನು ಮುಚ್ಚಿತು.

ಅವರಿಬ್ಬರೂ ಟೆಲಿವಿಷನ್ನಿನತ್ತ ತಿರುಗಿದರು. ಅಲ್ಲಿ ದೊರೆಯುತ್ತಿದ್ದ ಹಣ ಹಳೆಯ ವೆಚ್ಚದ ಒಂದು ಸಣ್ಣ ಪಾಲು. ಕೆಲಸವೋ ವಾರವಾರವೂ ಆಗಬೇಕು. ಆಗ ಅವರು ಚಲನೆಯಲ್ಲಿಯೇ ಮಿತವ್ಯಯ ಹೂಡಿದರು. ಮೈಯನ್ನು ಒಮ್ಮೆ ಬರೆದು ನಿಲ್ಲಿಸುವುದು, ಬಾಯಿ, ಕಣ್ಣು, ಒಂದು ಕೈ ಇಷ್ಟನ್ನೇ ಆಡಿಸುವುದು. 1958ರಲ್ಲಿ ತೆರೆಗೆ ಬಂದ ಯೋಗಿ ಎಂಬ ಕರಡಿಯ ಕೊರಳಿಗೆ ಕಾಲರೂ ಟೈಯೂ ಏಕೆ ಬಂದವು ಬಲ್ಲಿರಾ? ಅಲುಗುವ ತಲೆಗೂ ಅಲುಗದ ಮೈಗೂ ನಡುವಿನ ಬೆಸುಗೆ ಕಾಣದಿರಲಿ ಎಂದು! ಫ್ರೆಡ್ ಓಡುವಾಗ ಅದೇ ಕಿಟಕಿ, ಅದೇ ಕುರ್ಚಿ ಮತ್ತೆ ಮತ್ತೆ ಹಿಂದೆ ಸರಿಯುವುದೂ ಇದೇ ಉಪಾಯದಿಂದ.

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧ ಎನ್ನುತ್ತಾರೆ ನಮ್ಮ ಲಾಕ್ಷಣಿಕರು. ಇಲ್ಲಿ ಆಂಗಿಕ ಕುಗ್ಗಿತು; ಹೊರೆಯೆಲ್ಲ ವಾಚಿಕದ ಮೇಲೆ ಬಿತ್ತು. ಬಯಲಾಟಕ್ಕೂ ತಾಳಮದ್ದಳೆಗೂ ಇರುವ ಅಂತರವನ್ನು ನೆನೆಯಿರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕುಳಿತಲ್ಲಿಂದಲೇ ಮಾತಿನಿಂದ ಕರ್ಣನನ್ನು ಕಣ್ಣೆದುರಿಗೆ ತರುತ್ತಾನೆ. ಟೆಲಿವಿಷನ್ ಕಾರ್ಟೂನಿಗೂ ಅಂಥ ಮಾತುಗಾರರೇ ಬೇಕಾದರು.

ಅವರು ಸಿಕ್ಕಿದ್ದು ರೇಡಿಯೊದಲ್ಲಿ. ಅಮೆರಿಕದ ರೇಡಿಯೊ ನಾಟಕಗಳು ಆಗ ಇಳಿಮುಖವಾಗಿದ್ದವು. 1960ರಲ್ಲಿ ಆರಂಭವಾದ ‘ದಿ ಫ್ಲಿಂಟ್‌ಸ್ಟೋನ್ಸ್’ನಲ್ಲಿ ಫ್ರೆಡ್ಡನಿಗೆ ಕಂಠ ಕೊಟ್ಟ ಅಲನ್ ರೀಡ್, ನೆರೆಮನೆಯ ಬಾರ್ನಿಯಾದ ಮೆಲ್ ಬ್ಲಾಂಕ್, ಅವನ ಮಡದಿ ಬೆಟ್ಟಿಯಾದ ಬೀ ಬೆನಡೆರೆಟ್, ಮೂವರೂ ರೇಡಿಯೊದಲ್ಲಿ ಪಳಗಿದವರು. ಫ್ರೆಡ್ಡನ ಆ ಪ್ರಸಿದ್ಧ ಕೂಗು ಕೂಡ ಬರೆದುಕೊಟ್ಟದ್ದಲ್ಲ. ರೀಡರು ಕೇಳಿ ಬದಲಿಸಿಕೊಂಡದ್ದು.

ಹಳೆಯ ಪದ್ಧತಿಯ ಚಿತ್ರಕಾರರಿಗೆ ಇದು ರುಚಿಸಲಿಲ್ಲ. ವಾರ್ನರ್ ಸಂಸ್ಥೆಯ ಹೆಸರಾಂತ ನಿರ್ದೇಶಕ ಚಕ್ ಜೋನ್ಸ್ ಇದನ್ನು ‘ಸಚಿತ್ರ ರೇಡಿಯೊ’ ಎಂದು ಹಳಿದರು. ಚಿತ್ರಕಲೆಯ ದೃಷ್ಟಿಯಿಂದ ಅವರ ದೂರು ಸರಿಯೇ. ಆದರೆ ರೇಡಿಯೊ ಕೇಳಿ ಬೆಳೆದ ನಾವು ಆ ಬೈಗುಳವನ್ನು ಹೊಗಳಿಕೆಯೆಂದೇ ಸ್ವೀಕರಿಸಬಹುದು.

ಕಂಠದ ಬಲವೆಷ್ಟೆಂಬುದಕ್ಕೆ ಒಂದು ಪ್ರಸಂಗವಿದೆ. 1961ರ ಜನವರಿಯಲ್ಲಿ ಮೆಲ್ ಬ್ಲಾಂಕ್ ಕಾರು ಅಪಘಾತಕ್ಕೀಡಾಗಿ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಹೆಸರು ಹಿಡಿದು ಕರೆದರೆ ಉತ್ತರವಿಲ್ಲ. ಕೊನೆಗೊಮ್ಮೆ ವೈದ್ಯರು, ಅವರೇ ಕಂಠ ಕೊಟ್ಟಿದ್ದ ಬಗ್ಸ್ ಬನ್ನಿ ಎಂಬ ಮೊಲವನ್ನು ಹೆಸರಿಸಿ ಕ್ಷೇಮ ಕೇಳಿದರು. ಬ್ಲಾಂಕರ ಬಾಯಿಂದ ಮೊಲದ ಧ್ವನಿಯಲ್ಲಿ ಉತ್ತರ ಬಂದಿತಂತೆ! ಅವರು ಚೇತರಿಸಿಕೊಳ್ಳುವವರೆಗೆ ಬಾರ್ನಿಯ ಮಾತುಗಳನ್ನು ಯೋಗಿಯ ಕಂಠವಾಗಿದ್ದ ಡಾಸ್ ಬಟ್ಲರ್ ಆಡಿದರು. ಬಳಿಕ ಬ್ಲಾಂಕರು ಮೈತುಂಬ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದ ಹಾಸಿಗೆಯ ಬಳಿಗೇ ಮೈಕನ್ನು ತರಿಸಿ, ತಮ್ಮ ಪಾತ್ರವನ್ನು ಮುಂದುವರಿಸಿದರು.

ನಮ್ಮ ದೇಶದಲ್ಲಿಯೂ ಇದಕ್ಕೆ ಸಾಕ್ಷಿಯಿದೆ. 1989ರಲ್ಲಿ ಜಪಾನಿನಲ್ಲಿ ತಯಾರಾದ ‘ಜಂಗಲ್ ಬುಕ್’ ಕಾರ್ಟೂನು 1993ರಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಮಾತನಾಡಿತು. ಶೇರ್‌ಖಾನ್ ಹುಲಿಯ ಗುಡುಗು ನಾನಾ ಪಾಟೇಕರರದು. ಆರಂಭದ ಗೀತೆ ಗುಲ್ಜಾರರದು, ಸಂಗೀತ ವಿಶಾಲ್ ಭಾರದ್ವಾಜರದು. ಅಂದು ಹಿಂದಿ ಸರಿಯಾಗಿ ಬಾರದ ನಮ್ಮ ಕನ್ನಡ ಮಕ್ಕಳೂ ಆ ಹಾಡನ್ನು ಗುನುಗಿದರು. ಚಿತ್ರ ಬರೆದ ಕೈಗಳು ಜಪಾನಿನವು; ನೆನಪಿನಲ್ಲಿ ನಿಂತ ದನಿ ನಮ್ಮದು.

ಮುಂದೊಮ್ಮೆ ಮನೆಯ ಮಕ್ಕಳು ಹಳೆಯ ಕಾರ್ಟೂನು ನೋಡುತ್ತಿದ್ದರೆ, ನೀವು ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿ ನೋಡಿ. ಯಾರು ಮಾತನಾಡುತ್ತಿದ್ದಾರೆ, ಯಾರು ಮೋಸಹೋದರು, ಯಾರು ಗೆದ್ದರು, ಎಲ್ಲವೂ ತಿಳಿಯುತ್ತದೆ. ಮುಗಿದ ಮೇಲೆ ತೆರೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಕೆಲವು ಹೆಸರುಗಳು ಸರಿದುಹೋಗುತ್ತವೆ. ಅಷ್ಟು ಹೊತ್ತು ನಿಲ್ಲಿರಿ. ಮಕ್ಕಳಿಗೂ ಆ ಹೆಸರುಗಳನ್ನು ಓದಿ ಹೇಳಿರಿ.