ಅಭಯಾರಣ್ಯದ ಹೊರಗೆ ಚಿಗರಿ ಹೊಡೆದರೆ ಕೇಸ್ ಆಗಲ್ಲವೇ?

‘ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಅಭಯಾರಣ್ಯ ಎಲ್ಲಿದೆ? ಹೊಲಕ್ಕೆ ಬಂದ ಚಿಗರಿ ಹೊಡೆದರೆ ಕೇಸ್ ಆಗಲ್ಲ.’ ಇಂಥ ಮಾತು ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದರೆ ಫಾರ್ವರ್ಡ್ ಮಾಡಬೇಡಿ. ಇದು ಸುಳ್ಳು. ನಂಬಿದವರು ಜೈಲಿಗೆ ಹೋಗಬೇಕಾದೀತು.

ಕಾಡಿನ ಕಾನೂನು ಎಂದರೆ ಒಂದು ಜಾಗಕ್ಕೆ ಗಡಿ ಹಾಕಿ ಕಾಯುವುದು ಎಂದೇ ಹಲವರು ತಿಳಿದಿದ್ದಾರೆ. ಅಮೆರಿಕದಲ್ಲಿ 1964ರಲ್ಲಿ ಬಂದ ‘ವೈಲ್ಡರ್‌ನೆಸ್ ಕಾಯ್ದೆ’ ಮಾಡಿದ್ದು ಅದನ್ನೇ. ಮೊದಲ ಹಂತದಲ್ಲೇ ಸುಮಾರು 91 ಲಕ್ಷ ಎಕರೆ ಅದರ ವ್ಯಾಪ್ತಿಗೆ ಬಂತು. ಅಲ್ಲಿ ಹೊಸ ರಸ್ತೆ ಹಾಕುವಂತಿಲ್ಲ, ಜೀಪು, ಬೈಕು ಓಡಿಸುವಂತಿಲ್ಲ. ತಮಾಷೆಯೆಂದರೆ, ಅಂಥ ಬಹಳಷ್ಟು ಕಾಡುಗಳಲ್ಲಿ ಲೈಸೆನ್ಸ್ ಪಡೆದು ಜಿಂಕೆ ಬೇಟೆ ಆಡಬಹುದು! ಆ ಕಾಯ್ದೆ ಕಾಯುವುದು ಮುಖ್ಯವಾಗಿ ನೆಲವನ್ನು.

ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದೂ ಜಾಗಗಳನ್ನು ಕಾಯುತ್ತದೆ. ದರೋಜಿ ಕರಡಿಧಾಮ ಇರುವುದು ಅದರ ಅಡಿಯಲ್ಲೇ. 2015ರಲ್ಲಿ ಕೊಪ್ಪಳ, ಬಳ್ಳಾರಿ ಭಾಗದ ತುಂಗಭದ್ರಾ ನದಿಯ 34 ಕಿ.ಮೀ. ಉದ್ದವನ್ನು ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದೂ ಅದರಡಿಯೇ. ಆದರೆ ಕಾಯ್ದೆ ಅಲ್ಲಿಗೇ ನಿಲ್ಲುವುದಿಲ್ಲ. ಅದರ 9ನೇ ಸೆಕ್ಷನ್ ಪ್ರಕಾರ ಪಟ್ಟಿಯಲ್ಲಿರುವ ಪ್ರಾಣಿಯನ್ನು ಎಲ್ಲಿಯೂ ಬೇಟೆಯಾಡುವಂತಿಲ್ಲ. ಕಾಡು, ಗುಡ್ಡ, ಕಾಲುವೆ ದಂಡೆ, ನಿಮ್ಮದೇ ಪಟ್ಟಾ ಹೊಲ, ಎಲ್ಲವೂ ಒಂದೇ. ಉರುಲು ಹಾಕುವುದು, ವಿಷ ಇಡುವುದು ಕೂಡ ಬೇಟೆಯೇ.

ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಪಟ್ಟಿಯಲ್ಲಿದೆ. ತೋಳವೂ ಅಲ್ಲೇ. ಶಿಕ್ಷೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಜೊತೆಗೆ ಕನಿಷ್ಠ 25,000 ರೂ. ದಂಡ. ಮೊಲಕ್ಕೆ ಏನೂ ಇಲ್ಲ ಅಂದುಕೊಳ್ಳಬೇಡಿ, ಅದು ಎರಡನೇ ಪಟ್ಟಿಯಲ್ಲಿದೆ.

ನಟ ಸಲ್ಮಾನ್ ಖಾನ್ ಪ್ರಕರಣ ನೆನಪಿದೆಯಲ್ಲ? 1998ರಲ್ಲಿ ಕೃಷ್ಣಮೃಗ ಸತ್ತಿದ್ದು ಅಭಯಾರಣ್ಯದಲ್ಲಲ್ಲ, ರಾಜಸ್ಥಾನದ ಕಂಕಾಣಿ ಎಂಬ ಹಳ್ಳಿಯ ಬಳಿ. 2018ರಲ್ಲಿ ಜೋಧಪುರದ ನ್ಯಾಯಾಲಯ 5 ವರ್ಷ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದರು.

ಹಾಗಾದರೆ ರೈತ ಏನು ಮಾಡಬೇಕು? ಸಾಲ ಮಾಡಿ ಬಿತ್ತಿದ ಕಡಲೆ, ಜೋಳದ ಮೊಳಕೆಯನ್ನು ರಾತ್ರೋರಾತ್ರಿ ಹಿಂಡು ಮೇಯ್ದು ಹೋದರೆ ಸಿಟ್ಟು ಬರುವುದು ಸಹಜ. ಕಾನೂನು ಕಾಯುವ ಪ್ರಾಣಿಯ ಮೇವಿನ ಖರ್ಚು ಬಡ ರೈತನ ಮೇಲೆ ಬೀಳುವುದು ನ್ಯಾಯವಲ್ಲ ಎಂಬುದೂ ನಿಜ. ಬೆಳೆ ಹಾಳಾದ ಕೂಡಲೇ ಫೋಟೊ ತೆಗೆದು, ಪಹಣಿ ಜೊತೆಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926.