ಗಿರಣಿ ದಾರಿಗೆ ಎರಡು ಗಾಲಿ

ನಮ್ಮ ಮನೆಯಿಂದ ಗಿರಣಿಗೆ 640 ಹೆಜ್ಜೆ. ಎಣಿಸಿದ್ದೇನೆ. ಮೊದಲ ಇನ್ನೂರು ಹೆಜ್ಜೆ ಸಿಮೆಂಟ್ ರಸ್ತೆ. ಆಮೇಲೆ ಫರಸಿ ಕಲ್ಲುಗಳು ಅಲ್ಲಲ್ಲಿ ತಲೆ ಎತ್ತಿದ ಓಣಿ, ನಡುವೆ ಒಂದು ಗಟಾರ ದಾಟಬೇಕು. ಕಡೆಯ ನೂರು ಹೆಜ್ಜೆ ಎರೆಮಣ್ಣು. ಎರಡು ದಿನಕ್ಕೊಮ್ಮೆ ಈ ದಾರಿಯಲ್ಲಿ 15 ಕೆ.ಜಿ. ಜೋಳ ಹೋಗುತ್ತದೆ, ಹಿಟ್ಟಾಗಿ ತಿರುಗಿ ಬರುತ್ತದೆ. ರೊಟ್ಟಿ ಬಡಿದು ಮಾರುವುದು ನನ್ನ ಕಸುಬು. ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ದಿನಕ್ಕೆ ನೂರು ರೊಟ್ಟಿಯಾದರೂ ಆಗಲೇಬೇಕು.

ಇಪ್ಪತ್ತು ವರ್ಷ ಆ ಜೋಳ ನನ್ನ ಟೊಂಕದ ಮೇಲೆಯೇ ಹೋಗಿ ಬಂತು. ಮೂರು ವರ್ಷದ ಹಿಂದೆ ಒಂದು ಮುಂಜಾನೆ ಚೀಲ ಎತ್ತಿಕೊಳ್ಳಲು ಬಗ್ಗಿದವಳು ಮೇಲೇಳಲಿಲ್ಲ. ಐದು ಕೆ.ಜಿ.ಗಿಂತ ಹೆಚ್ಚು ಎತ್ತಬೇಡಿ ಎಂದರು ಡಾಕ್ಟರು. ಎತ್ತದೆ ಇದ್ದರೆ ಒಲೆ ಹೊತ್ತುವುದು ಹೇಗೆ? ಪುಣೆಯಲ್ಲಿರುವ ಮಗ ದೀಪಾವಳಿಗೆ ಬರುವಾಗ ಒಂದು ಗಾಲಿಚೀಲ ತಂದ. ಪೇಟೆಯವರು ಟ್ರಾಲಿ ಅನ್ನುತ್ತಾರೆ. ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಸಿಕ್ಕಿಸಿದ ಬಟ್ಟೆ ಚೀಲ, ಕೆಳಗೆ ಪಕ್ಕಕ್ಕೆ ಮೂರರಂತೆ ಆರು ಪುಟ್ಟ ಗಾಲಿ. ಬೆಲೆ 1,400 ರೂಪಾಯಿ.

ಅದನ್ನು ಎಳೆದುಕೊಂಡು ಓಣಿಗಿಳಿದ ದಿನ ಕಟ್ಟೆಯ ಮೇಲೆ ಕೂತವರು, ‘ಏನಕ್ಕ, ವಿಮಾನಕ್ಕ ಹೊಂಟೀಯೇನ?’ ಎಂದರು. ನನಗೆ ನಾಚಿಕೆಯಾಯಿತು. ಎರಡು ದಿನ ಕತ್ತಲಾದ ಮೇಲೆ ಗಿರಣಿಗೆ ಹೋದೆ. ಹೀಗೆ ನಾಚಿದವಳು ನಾನೊಬ್ಬಳೇ ಅಲ್ಲವೆಂದು ಆಮೇಲೆ ತಿಳಿಯಿತು. 1937ರಲ್ಲಿ ಅಮೆರಿಕದ ಒಕ್ಲಹಾಮ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿಕಾರ ಮಡಚುವ ಕುರ್ಚಿಗೆ ಗಾಲಿ ಹಚ್ಚಿ, ಎರಡು ಬುಟ್ಟಿ ಇಟ್ಟು ಗಿರಾಕಿಗಳ ಮುಂದೆ ನಿಲ್ಲಿಸಿದಾಗ ಯಾರೂ ಮುಟ್ಟಲಿಲ್ಲವಂತೆ. ಬುಟ್ಟಿ ಹೊರುವಷ್ಟು ಕಸುವು ತಮಗಿಲ್ಲವೇ ಎಂದು ಗಂಡಸರು, ಕೂಸಿನ ಗಾಡಿ ತಳ್ಳಿದ್ದು ಸಾಕಾಗಿದೆ ಎಂದು ಹೆಂಗಸರು. ಕಡೆಗೆ ಅವನು ಸಂಬಳ ಕೊಟ್ಟು ಜನರನ್ನು ಕರೆಸಿ, ಅಂಗಡಿ ತುಂಬ ಗಾಡಿ ತಳ್ಳಿಸಿದ ಮೇಲೆ ಉಳಿದವರ ಸಂಕೋಚ ಬಿಟ್ಟಿತು.

ನಮಗಂತೂ ಆ ಸಂಕೋಚಕ್ಕೆ ಕಾರಣವೇ ಇಲ್ಲ. ನಮ್ಮ ಕಡೆಯ ಊರುಗಳಲ್ಲಿ ನಳದ ಮುಂದೆ ನೀರಿನ ಬಂಡಿ ನಿಂತದ್ದನ್ನು ಯಾರು ನೋಡಿಲ್ಲ? ಕಬ್ಬಿಣದ ಚೌಕಟ್ಟು, ಆರೋ ಎಂಟೋ ಕೊಡ ಕೂರುವ ಬಳೆ, ಕೆಳಗೆ ಹಳೆಯ ಗಾಲಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಹುಟ್ಟಿದ ಗಾಡಿ ಅದು. ಒಂದು ಕೊಡ ತಲೆಯ ಮೇಲೆ, ಒಂದು ಟೊಂಕದ ಮೇಲೆ ಹೊತ್ತ ನನ್ನ ಅವ್ವನ ಕಾಲದ ಹೆಂಗಸರಿಗೆ ಅದು ಸಿಕ್ಕಿದ್ದರೆ ಎಷ್ಟು ಬೆನ್ನು ಉಳಿಯುತ್ತಿದ್ದವು! ನೀರಿಗೆ ಗಾಲಿ ಒಪ್ಪಿಕೊಂಡವರು ಜೋಳಕ್ಕೆ ಯಾಕೆ ನಾಚಬೇಕು?

ಆದರೆ ಮಗ ತಂದ ಗಾಡಿ ನಮ್ಮ ಹಾದಿಗೆ ಒಗ್ಗಲಿಲ್ಲ. ಆ ಮೂರು ಗಾಲಿಯ ಉಪಾಯ ಮೆಟ್ಟಿಲಿಗಾಗಿ ಮಾಡಿದ್ದು. ಮೆಟ್ಟಿಲು ಬಂದಾಗ ಮೂರೂ ಗಾಲಿ ಒಂದಾಗಿ ತಿರುಗಿ, ಒಂದರ ಹಿಂದೊಂದು ಮೆಟ್ಟಿಲ ಮೇಲೆ ಕೂರುತ್ತವೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಇರುವವರಿಗೆ ಅದು ವರ. ಎರೆಮಣ್ಣಿನಲ್ಲಿ ಅದೇ ಶಾಪ. ಮೊದಲ ಮಳೆ ಬಿದ್ದ ಮರುದಿನ ಮೂರು ಗಾಲಿಯ ಸಂದಿನಲ್ಲಿ ಮಣ್ಣು ಹೊಕ್ಕಿತು. ಅದಕ್ಕೆ ಕಣಕಿಯ ತುಂಡು, ಹೊಟ್ಟು ಅಂಟಿಕೊಂಡು ಒಣಗಿ ಇಟ್ಟಿಗೆಯಾಯಿತು. ಕುರ್ಪಿಯಿಂದ ಕೆರೆಯುತ್ತ ಕೂತೆ. ಕೆರೆದಷ್ಟೂ ಒಳಗಿನ ಪ್ಲಾಸ್ಟಿಕ್ ಸುಲಿಯುತ್ತಿತ್ತು. ವಾರದೊಳಗೆ ಒಂದು ಗಾಲಿ ಸೀಳಿತು. ಆ ದಿನ 15 ಕೆ.ಜಿ. ಹಿಟ್ಟು, ಜೊತೆಗೆ ಮುರಿದ ಗಾಡಿ, ಎರಡನ್ನೂ ನಾನೇ ಹೊತ್ತು ತಂದೆ.

ಗಾಡಿಯ ಬಗ್ಗೆ ನನಗೆ ತಿಳಿದದ್ದೆಲ್ಲ ಅಪ್ಪನ ಚಕ್ಕಡಿಯಿಂದ ಬಂದದ್ದು, ಆದರೂ ಮಗ ಗಾಡಿ ತಂದಾಗ ಅದು ನೆನಪಿಗೇ ಬಂದಿರಲಿಲ್ಲ. ಚಕ್ಕಡಿಯ ಗಾಲಿ ಆಳೆತ್ತರಕ್ಕೆ ಹತ್ತಿರ ಇರುತ್ತಿದ್ದುದು ಚಂದಕ್ಕಲ್ಲ. ದೊಡ್ಡ ಗಾಲಿ ಕಲ್ಲನ್ನು ಹತ್ತುತ್ತದೆ, ಸಣ್ಣದು ಕಲ್ಲಿಗೆ ಹಾಯುತ್ತದೆ. ಡಿಪ್ಲೊಮಾ ಓದಿದ ಅಣ್ಣನ ಮಗ ಇದನ್ನೇ ಲೆಕ್ಕ ಹಾಕಿ ತೋರಿಸಿದ. ದಾರಿಯಲ್ಲಿ ಎರಡು ಸೆಂಟಿಮೀಟರ್ ಎತ್ತರದ ಕಲ್ಲಿದೆ ಅನ್ನಿ. ಹತ್ತು ಸೆಂಟಿಮೀಟರ್ ಅಡ್ಡಳತೆಯ ಗಾಲಿಯನ್ನು ಅದರ ಮೇಲೆ ನೇರ ಎಳೆದು ಹತ್ತಿಸಬೇಕಾದರೆ, ಗಾಲಿಯ ಮೇಲಿರುವ ಭಾರಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಬಲ ಹಾಕಬೇಕು. ಅಂದರೆ ಅದಕ್ಕಿಂತ ಎತ್ತಿಕೊಂಡು ದಾಟುವುದೇ ಹಗುರ. ಇಪ್ಪತ್ತು ಸೆಂಟಿಮೀಟರ್ ಗಾಲಿಗೆ ಭಾರದ ಮುಕ್ಕಾಲು ಪಾಲು ಬಲ ಸಾಕು. ಹಾಗಾಗಿ ಅಂಗಡಿಗೆ ಹೋದರೆ ಚೀಲದ ಬಣ್ಣ, ಜೇಬು ನೋಡುವ ಮೊದಲು ಗಾಲಿಗೆ ಗೇಣು ಹಿಡಿದು ನೋಡಿ. ನಮ್ಮಂಥ ಹಾದಿಗೆ ಗೇಣುದ್ದ ಅಡ್ಡಳತೆ ಇಲ್ಲದ ಗಾಲಿ ಬೇಡ.

ಗಾಳಿ ತುಂಬುವ ಟೈರು ಮೆತ್ತಗೆ ಓಡುತ್ತದೆ, ಒಪ್ಪುತ್ತೇನೆ. ಆದರೆ ಜಾಲಿಮುಳ್ಳು ಉದುರುವ ಊರಲ್ಲಿ ಪಂಕ್ಚರ್ ಹಚ್ಚುವುದರಲ್ಲೇ ದಿನ ಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಗಾಲಿ ಫರಸಿಯ ಮೇಲೆ ಗಡಗಡ ಸದ್ದು ಮಾಡಿ ಕೈ ನಡುಗಿಸುತ್ತದೆ. ಇಡೀ ರಬ್ಬರಿನ ಗಾಲಿಯೇ ನಮಗೆ ಸರಿ.

ಇಂಡಿ ಪಟ್ಟಣದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಚೌಕಟ್ಟಿನ ಕೆಳಗೆ ಕಬ್ಬಿಣದ ಅಚ್ಚು ಕೂರಿಸಿ, ಎರಡು ರಬ್ಬರ್ ಗಾಲಿ ಹಾಕಿಸಿದೆ. 600 ರೂಪಾಯಿ ಆಯಿತು. ಮನೆಗೆ ತಂದು ನಿಲ್ಲಿಸಿದರೆ ಮುಗ್ಗರಿಸಿ ಬಿತ್ತು. ಗಾಲಿ ದೊಡ್ಡದಾಗಿ ಹಿಂಬದಿ ಏರಿತ್ತು, ಮುಂದಿನ ಕಾಲು ಮೊದಲಿನಷ್ಟೇ ಗಿಡ್ಡ ಉಳಿದಿತ್ತು. ಮತ್ತೆ ಹೋಗಿ ಕಾಲಿಗೆ ಐದು ಸೆಂಟಿಮೀಟರ್ ಸರಳು ಸೇರಿಸಿದ ಮೇಲೆ ನೆಟ್ಟಗೆ ನಿಂತಿತು. ಗಾಲಿ ಬದಲಿಸುವವರು ಈ ಕಾಲಿನ ಮಾತನ್ನು ಮೊದಲೇ ಹೇಳಿ ಮಾಡಿಸಿಕೊಳ್ಳಿ.

ಹೇರುವುದರಲ್ಲೂ ಚಕ್ಕಡಿಯ ಪಾಠವೇ. ಮುಂಭಾರವಾದರೆ ಎತ್ತಿನ ಹೆಗಲು ಒತ್ತುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ, ಭಾರ ಅಚ್ಚಿನ ಮೇಲೆ ಕೂರಬೇಕು ಎಂದು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ. ಇಲ್ಲಿ ಎತ್ತಿನ ಜಾಗದಲ್ಲಿ ನನ್ನ ಕೈ. ಹತ್ತಿ ತೂಗುವ ಕೊಂಡಿ ತಕ್ಕಡಿಯನ್ನು ಗಾಡಿಯ ಹಿಡಿಕೆಗೆ ಸಿಕ್ಕಿಸಿ, ಎಳೆಯುವಾಗ ವಾಲಿಸುವಷ್ಟೇ ವಾಲಿಸಿ ನೋಡಿದೆ. 15 ಕೆ.ಜಿ. ಹಿಟ್ಟಿನ ಚೀಲ ತಳದಲ್ಲಿದ್ದಾಗ ಮುಳ್ಳು ನಾಲ್ಕೂವರೆಗೆ ನಿಂತಿತು. ಅದೇ ಚೀಲದ ಕೆಳಗೆ ಕೊತ್ತಂಬರಿ, ಮೆಂತ್ಯೆ ಗಂಟು ಹಾಕಿ ಚೀಲವನ್ನು ಮೇಲೆ ಇಟ್ಟರೆ ಏಳೂವರೆ. ಭಾರ ಅಷ್ಟೇ, ದಾರಿ ಅಷ್ಟೇ. ಕೈಗೆ ಬಂದ ಹೊರೆ ಮಾತ್ರ ಬೇರೆ. ಡಾಕ್ಟರು ಹೇಳಿದ ಐದು ಕೆ.ಜಿ.ಯ ಒಳಗೆ ನಾನು ಉಳಿದದ್ದು ಹೀಗೆ.

ಅಂಗಡಿಯಲ್ಲಿ ‘40 ಲೀಟರ್ ಚೀಲ’ ಎನ್ನುತ್ತಾರೆ. ಲೀಟರು ಜಾಗದ ಅಳತೆ, ಭಾರದ್ದಲ್ಲ. 40 ಲೀಟರ್ ಸೊಪ್ಪು ತುಂಬಿದರೆ ಕೂಸನ್ನು ಎತ್ತಿದಷ್ಟು ಹಗುರ. ಅದೇ ಚೀಲಕ್ಕೆ ಬಾಯಿಮಟ ಜೋಳ ಸುರಿದರೆ ಸುಮಾರು 30 ಕೆ.ಜಿ. ಆಗುತ್ತದೆ. ಚೌಕಟ್ಟು ಎಷ್ಟು ಕೆ.ಜಿ. ತಡೆಯುತ್ತದೆಂದು ಬೇರೆಯಾಗಿ ಕೇಳಿ. ಗ್ಯಾಸ್ ಸಿಲಿಂಡರ್ ಮಾತ್ರ ಇದರ ಮೇಲೆ ಬೇಡ. ಒಳಗಿನ ಅನಿಲವೇ 14.2 ಕೆ.ಜಿ., ಕಬ್ಬಿಣದ ತೂಕ ಹೆಚ್ಚುಕಡಿಮೆ ಇನ್ನೂ ಅಷ್ಟು. ಗುಂಡಗಿರುವುದರಿಂದ ಉರುಳಿ ಕಾಲ ಮೇಲೆ ಬೀಳುತ್ತದೆ.

ಹಿಡಿಕೆ ಎಷ್ಟೆತ್ತರ ಬೇಕೆಂದರೆ, ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿಗೆ ಬರುವಷ್ಟಾದರೂ ಇರಲಿ. ಗಿಡ್ಡವಾದರೆ ಬಗ್ಗಿ ಎಳೆದು, ಉಳಿಸಿಕೊಂಡ ಬೆನ್ನನ್ನು ಮತ್ತೆ ಕಳೆದುಕೊಳ್ಳುತ್ತೀರಿ. ಎಳೆಯುವ ಕೈಯನ್ನು ಗಟಾರದ ಹತ್ತಿರ ಒಮ್ಮೆ ಬದಲಿಸುತ್ತೇನೆ. ಗಟಾರ ದಾಟುವಾಗ ತಿರುಗಿ ನಿಂತು, ಎರಡೂ ಗಾಲಿ ಒಟ್ಟಿಗೆ ಅಂಚಿಗೆ ಬರುವಂತೆ ಹಿಂದಕ್ಕೆ ನಡೆದು ಎಳೆಯುತ್ತೇನೆ. ಓರೆಯಾಗಿ ಎಳೆದರೆ ಒಂದೇ ಗಾಲಿ ಏರಿ ಗಾಡಿ ಮಗುಚುತ್ತದೆ.

ಇಂಡಿಗೆ ಹೋಗುವ ದಿನ ಗಾಡಿ ಮಡಚಿ ಬಸ್ಸಿಗೆ ಒಯ್ಯುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಾದ ನಮಗೆ ಟಿಕೆಟ್ಟಿನ ಖರ್ಚಿಲ್ಲ, ಬಸ್ಸು ಮಾತ್ರ ತುಂಬಿಯೇ ಇರುತ್ತದೆ. ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ. ತುಂಬಿದ ಗಾಡಿಯನ್ನು ಹಾಗೇ ಎತ್ತುವುದು ಆಗದ ಮಾತು. ಆದ್ದರಿಂದ ಚೌಕಟ್ಟಿನಿಂದ ಬಿಚ್ಚಿ ಬರುವ ಚೀಲವನ್ನೇ ಆರಿಸಿ. ಒಳಗೆ ಎರಡು ಬಟ್ಟೆ ಕೈಚೀಲ ಇಟ್ಟಿರುತ್ತೇನೆ. ಶೇಂಗಾ, ಬೆಲ್ಲ ಒಂದರಲ್ಲಿ, ನಿಂಬೆಹಣ್ಣು, ಕಾಯಿಪಲ್ಲೆ ಇನ್ನೊಂದರಲ್ಲಿ. ಹತ್ತುವಾಗ ಒಂದೊಂದನ್ನೇ ಎತ್ತಿ ಇಟ್ಟರಾಯಿತು. 2016ರಲ್ಲಿ ನಮ್ಮ ರಾಜ್ಯ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದಾಗಿನಿಂದ ಬಟ್ಟೆ ಚೀಲ ಒಯ್ಯುವ ರೂಢಿ ಹೇಗೂ ಬಿದ್ದಿತ್ತು.

ಹೊರೆಯ ಮಾತು ಬಂದಾಗ ನಮ್ಮೂರ ಕಂಬದ ಶಾಸನ ನನಗೆ ನೆನಪಾಗುತ್ತದೆ. ಅದು ಕ್ರಿ.ಶ. 945ರದು. ಆಗ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ನಾಡಿನಿಂದ ಹುಡುಗರು ಬರುತ್ತಿದ್ದರೆಂದೂ ಅವರ ವಾಸಕ್ಕೆ 27 ಮನೆಗಳಿದ್ದುವೆಂದೂ ಅದು ಹೇಳುತ್ತದೆ. ಓದಿದವರು ಇದನ್ನು ಹೆಮ್ಮೆಯಿಂದ ಹೇಳುವಾಗಲೆಲ್ಲ ನನ್ನ ಮನಸ್ಸು ಆ 27 ಮನೆಗಳ ಅಡುಗೆಮನೆಗೆ ಹೋಗುತ್ತದೆ. ಅಷ್ಟು ಹುಡುಗರಿಗೆ ಕಾಳು ಯಾರು ತಂದರು, ಯಾರು ಬೀಸಿದರು? ಇದೇ ಎರೆಮಣ್ಣಿನ ಮೇಲೆ ಮಳೆಗಾಲದಲ್ಲಿ ಯಾರ ತಲೆಯ ಮೇಲೆ ಗಂಟು ಬಂತು? ಶಾಸನದಲ್ಲಿ ಅವರಿಲ್ಲ.

ಗಾಡಿಯ ಆರೈಕೆ ದೊಡ್ಡದೇನಲ್ಲ. ಮಣ್ಣು ಹಸಿ ಇರುವಾಗಲೇ ಒಂದು ತಂಬಿಗೆ ನೀರು ಸುರಿದು ಒರೆಸಿಬಿಡಿ, ಒಣಗಿದ ಮೇಲೆ ಅದು ಬಿಡುವುದಿಲ್ಲ. ತಿಂಗಳಿಗೊಮ್ಮೆ ಅಚ್ಚಿನ ತುದಿಯ ಪಿನ್ನು ತೆಗೆದು, ಗಾಲಿ ಕಳಚಿ, ಒಳಗಿನ ಕಪ್ಪು ಜಿಡ್ಡನ್ನು ಹಳೆಯ ಬಟ್ಟೆಯಿಂದ ತೆಗೆದು ಹೊಸ ಎಣ್ಣೆ ಹಚ್ಚುತ್ತೇನೆ. ಅಪ್ಪ ಕೀಲೆಣ್ಣೆಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಿಸುತ್ತಿದ್ದ. ನಾನು ಬರೀ ಹರಳೆಣ್ಣೆ ನಾಲ್ಕು ಹನಿ ಬಿಡುತ್ತೇನೆ. ಹೆಚ್ಚಾದರೆ ಧೂಳು ಹಿಡಿಯುತ್ತದೆ. ಪಿನ್ನು ತಿರುಗಿ ಹಾಕಿ ತುದಿ ಮಡಚುವುದನ್ನು ಮರೆಯುವಂತಿಲ್ಲ.

ಈಗ ಕಟ್ಟೆಯ ಮೇಲಿನವರು ಏನೂ ಅನ್ನುವುದಿಲ್ಲ. ರೇಷನ್ ಅಕ್ಕಿ ಕೊಡುವ ದಿನ ನಮ್ಮ ಓಣಿಯ ನಾಲ್ಕು ಮನೆಯವರು ಸರದಿಯಲ್ಲಿ ಗಾಡಿ ಒಯ್ಯುತ್ತಾರೆ. ಹಿಂದಿನ ಮನೆಯ ಬಾಣಂತಿಯ ಅತ್ತೆ ಮೊನ್ನೆ ಕೇಳಿದರು, ‘ನನಗೂ ಒಂದು ಮಾಡಿಸಿಕೊಡವ್ವ, ಗಾಲಿ ಮಾತ್ರ ದೊಡ್ಡೂವು ಇರಲಿ.’ ಬರುವ ವಾರ ಇಬ್ಬರೂ ಇಂಡಿಗೆ ಹೋಗುವವರಿದ್ದೇವೆ. ಅಷ್ಟರೊಳಗೆ ನನ್ನ ಚೀಲಕ್ಕೆ ಮಳೆಯ ಹೊದಿಕೆ ಹೊಲಿಯಬೇಕು. ಖಾಲಿ ಗೊಬ್ಬರದ ಚೀಲವೊಂದನ್ನು ಚೆನ್ನಾಗಿ ತೊಳೆದು ಒಣಹಾಕಿದ್ದೇನೆ.